ಬುಗರಿ ಛಾಪ

ಮೊದಲಿನ ಚೀಟಿ ಕೆಂಪು.
ದಾವಲಸಾಬ ಒಂದು ಕುಂಚ ಹಲ್ಲಾಗ ಕಚ್ಚಿ
ಇನ್ನೊಂದರಿಂದ ಬರದದ್ದು. ಬೆಟಗೇರಿ ಪ್ರೆಸ್ಸಿನಾಗ ಅಚ್ಚಾಗಿ
ಹಸಿ ಮಸಿ ನಾರಕೋತ ನನ್ನ ಉಡಿಗೆ ಬೀಳತಿತ್ತು.
ಡಬ್ಬಿಗೊಂದು ಚೀಟಿ, ನೂರು ಡಬ್ಬಿಗೆ ಎರಡು ರೂಪಾಯಿ.

ಓದಾಕ ಬರತಿರಲಿಲ್ಲ ನನಗ.
ಒಂದಿನ ಮುನ್ನೂರು ಚೀಟಿ ತಲಿಕೆಳಗ ಹಚ್ಚಿ
ರಾತ್ರಿತನಾ ತೋಯಿಸಿ ಕಿತ್ತೇನಿ.
ಆಗ ಅಂವನ ತೋರಿಸಿದ: ನೋಡ ನಿಂಬೆವ್ವಾ,
ಬು-ದ ಕೊಂಬು ಇಲ್ಲಿಂದ ಉದ್ದಕ ಇಳದು
ಮೂರೂ ಅಕ್ಷರದ ಬುಡಕ ಚಾಟಿ ಆಗೇತಿ.
ನಡುವಿನ ಗ, ರುಮಾಲು ಸುತ್ತಿ
ಕಾಲಗಲಿಸಿ ನಿಂತ ಹುಡುಗ. ಆಟ ಅಂವಂದು.
ರಿ-ದ ನೆತ್ತಿ ಮ್ಯಾಲ ಗುಡಿಸು ಐತಲ್ಲ,
ಅದ ಬುಗರಿ. ತಿರಗಾಕತ್ತೇತಿ.
ಚಾಟಿ ತೆಳಗ ಇರಬೇಕು, ಅಷ್ಟ ನೆಪ್ಪಿಡು.

ಮರುದಿನ ಸಂಜಿಮುಂದ ಬಸ್ಸಿನ ಹಣಿ ಮ್ಯಾಲ ಅದ ಹುಡುಗ!
ಆ ತುದಿಗೊಬ್ಬ, ಈ ತುದಿಗೊಬ್ಬ,
ನಡುವ ಯಾರೋ ಗುರತಿಲ್ಲದಾಂವ.
ಕಂಡಕ್ಟರನ್ನ ಕೇಳಿದೆ. ಗದಗ, ಅಂದ.
ನಕ್ಕೋತ ನಿಂತೆ, ಬಸ್ಸು ಹೋತು.

ಹಿಂಗ ಒಂದೊಂದ ಗುರತ ಹಿಡದು
ರೇಶನ್ ಅಂಗಡಿ ಹಲಗಿ, ಔಷಧದ ಬಾಟ್ಲಿ,
ಗಂಡ ಬರದಿಟ್ಟು ಹೋದ ಕಾಗದನೂ ಓದಿದೆ.
ಅದನ್ನ ಓದಬಾರದಿತ್ತು.

ಎರಡನೇ ಚೀಟಿ ಹಳದಿ, ಪ್ಲಾಸ್ಟಿಕ್ ಬುಗರಿ ಬಂದ ವರ್ಷ.
ಅಕ್ಷರ ಉಂಡು ಉಬ್ಬಿದವು, ಬೆನ್ನಿಗೆ ಕರೀ ನೆರಳು.
ಮೂರನೇದಕ್ಕ ಧಾರವಾಡದ ಯಾರೋ ಮಾಸ್ತರು
ಬುಗುರಿ ಅನ್ನೋದ ಶುದ್ಧ ಅಂದ್ರಂತ,
ಹುಡುಗಗೂ ಒಂದು ಕೊಂಬು ಬಂತು.
ಬಾಯಿಲೆ ಬುಗರಿ ಅಂದ್ವಿ, ಕೈಲೆ ಬುಗುರಿ ಹಚ್ಚಿದ್ವಿ.

ಈ ವರ್ಷದ್ದು ಬಿಳಿ.
ಹುಡುಗನ ರುಮಾಲು ತಗದಾರ. ಒಂದ ಗೆರಿ
ಎಲ್ಲೂ ಕೈ ಎತ್ತದಂಗ
ಹೊಳ್ಳಿ ಹೊಳ್ಳಿ ಹೋಗೇತಿ.
ಈಗಿನ ಹುಡುಗರಿಗೆ ಹಗುರ ಇರಬೇಕವ್ವಾ,
ಅಂದ್ಲು ಸಾವಕಾರರ ಮಗಳು.
ಚೆಂದನ ಐತಿ, ಸುಳ್ಯಾಕ ಹೇಳಲಿ.
ಖರೆ, ಮೊದಲನೇ ಡಬ್ಬಿ ಹಿಡಕೊಂಡು
ಮ್ಯಾಲ ಯಾವ ಕಡೆ ಅಂತ ತಿಳೀದ
ಮೂವತ್ತೊಂದು ವರ್ಷದ ಹಿಂದಿನಾಕಿ ಆಗಿ ಕುಂತೆ.

ದಾವಲಸಾಬಗ ಈಗ ಕಣ್ಣಿಲ್ಲ.
ಚೀಟಿ ಒಯ್ದು ಕೈಯಾಗ ಕೊಟ್ಟೆ.
ಹೆಬ್ಬಟ್ಟಿಲೆ ಸವರಿದ. ನುಣ್ಣಗೈತಿ, ಏನೂ ಹತ್ತವಲ್ದು, ಅಂದ.
ಚಾಟಿ ಇಟ್ಟಾರೇನು?
ಇಟ್ಟಾರ.
ತೆಳಗ?
ತೆಳಗ, ಅಂದೆ.
ಅಂವ ಚೀಟಿ ತಲಿಕೆಳಗ ಹಿಡದಿದ್ದ.