ಹಸಿ ಹತ್ತಿ

ಮುಳಗುಂದ ನಾಕಾದ ಮಾಳಿಗಿ ಮ್ಯಾಲಿನ ದವಾಖಾನಿ.
ಕುರ್ಚಿ ಹಿಂದಕ್ಕ ಮಲಗಿದ ಕೂಡ್ಲೇ ಮೊಮ್ಮಗಳು ಅಲ್ಫಿಯಾ
ನನ್ನ ಬೆರಳು ಹಿಡಕೊಂಡ್ಲು,
ಸಿಮೆಂಟು ತಿಂದು ಗೆರಿ ಅಳಿಸಿದ ಬೆರಳು,
ಆಧಾರ್ ಮಷಿನ್ನಿಗೂ ಗುರುತು ಸಿಗದ್ದು.

ಉಸುಕಿನ ಗುಡ್ಡಿಯಿಂದ ಜಿಗದಾಕಿ
ಬಿದ್ದದ್ದು ನಾನಽ ತಂದಿಟ್ಟ ಪಾಯದ ಕಲ್ಲಿನ ಮ್ಯಾಲೆ.
ಮುಂದಿನ ಹಲ್ಲು. ಒಂಬತ್ತು ವರ್ಷದಾಕಿ.
ಮೂರು ತಿಂಗಳಿಗೆ ಹಲ್ಲು ಬೂದಿ ಬಣ್ಣ,
ಒಸಡಿನ ಮ್ಯಾಲೆ ಸಾಬುದಾಣಿಯಷ್ಟು ಕೀವು.

'ಕಿತ್ತುಬಿಡ್ರಿ' ಅಂದೆ.
ನಮ್ಮ ಕಾಲದಾಗ ಹಲ್ಲಿಗೆ ಇದ್ದದ್ದು ಒಂದಽ ಔಷಧ, ಇಕ್ಕಳ.
ನನ್ನ ಬಾಯಾಗ ಹನ್ನೊಂದು ಉಳದಾವು.

ಹೊಂಬಳ ಡಾಕ್ಟರಬಾಯಿ ಎಕ್ಸ್‌ರೇ ಬೆಳಕಿಗೆ ಹಿಡದ್ರು:
'ನೋಡ್ರಿ ದಾವಲಸಾಬ್ರ, ಬೇರು ಕಟ್ಟಿ ಮುಗದಿಲ್ಲ,
ತುದಿ ಇನ್ನೂ ತೆರದೈತಿ.'
ನೋಡಿದೆ. ತಳ ಹಾಕದ ಹಗೇವು.
ಮ್ಯಾಲಿಂದ ಎಷ್ಟು ಸುರವಿದ್ರೂ ಸೋರಿ ಹೋಗೂದು.

ಮೊದಲ ಹತ್ತು ದಿನ ಸುಣ್ಣ ತುಂಬಿಟ್ರು.
ಎಲಿಗೆ ಹಚ್ಚೂ ಸುಣ್ಣದ ಓರಗಿಯದು.
ನನಗ ನಗಿ ಬಂತು: ಆಯುಷ್ಯಪೂರ್ತಿ ಗ್ವಾಡಿಗೆ ಬಳದದ್ದು,
ದವಡ್ಯಾಗ ಇಟಗೊಂಡು ಬಾಯಿ ಸುಟ್ಟಕೊಂಡದ್ದು,
ಇಲ್ಲಿ ಕೀವು ಕಾಯಾಕ ಕೂಲಿಗೆ ಬಂದೈತಿ.

ಇವತ್ತು ಸಣ್ಣ ಬಾಟ್ಲಿ. ಬೂದು ಪುಡಿ.
'ಇದು ಸಿಮೆಂಟಲ್ಲೇನ್ರಿ ಬಾಯಾರ?'
'ಅದರ ಕುಲದ್ದಽ. ಭಾಳ ಸೋಸಿದ್ದು.'
ರೇಟು ಕೇಳಿದೆ. ಒಂದು ಗ್ರಾಮಿನ ರೊಕ್ಕದಾಗ
ನಮಗ ನಾಕು ಚೀಲ ಬರ್ತಾವು, ಗಾಡಿ ಬಾಡಿಗಿ ಸೈತ.

ಗಾಜಿನ ಫಳಿ ಮ್ಯಾಲೆ ಹನಿ ನೀರು ಬಿಟ್ಟು ಕಲಸಿದ್ರು.
ಹದ ನೋಡಿದೆ. ಹಸಿ ಉಸುಕಿನ ಹದ. ತಪ್ಪಿರಲಿಲ್ಲ.
ಬೇರಿನ ತುದಿಗೆ ಅಕ್ಕಿಕಾಳಿಗಿಂತ ಸಣ್ಣದೊಂದು ಬೆಡ್ಡು.

'ಮೈ ಇದನ್ನ ಒಲ್ಲೆ ಅನ್ನೂದಿಲ್ಲೇನ್ರಿ?'
ಕೇಳಿದ್ದಕ್ಕ ಕಾರಣ ಐತಿ. ಬೆಟಗೇರಿಯಾಗ ಒಬ್ರು
ಮಣ್ಣಿನ ಗ್ವಾಡಿಗೆ, ಬ್ಯಾಡ ಅಂದ್ರೂ ಕೇಳದ,
ಸಿಮೆಂಟು ಹಚ್ಚಿಸಿದ್ರು.
ಎರಡಽ ಮಳಿಗಾಲ. ಹಪ್ಪಳದಂಗ ಎದ್ದು ಬಂತು.
ಒಳಗಿನ ಮಣ್ಣಿಗೆ ಉಸುರಾಡಾಕ ಬಿಟ್ಟಿರಲಿಲ್ಲ.
ಗಟ್ಟಿ ಇದ್ದದ್ದೆಲ್ಲಾ ಹೊಂದೂದಿಲ್ಲ.

'ಅನ್ನೂದಿಲ್ಲ' ಅಂದ್ರು ಬಾಯಾರು,
'ಎಲುಬು ತಾನಽ ಇದರ ಮಗ್ಗಲಕ್ಕ ಬಂದು ಕೂಡತೈತಿ.'
ಮುಂದಿನ ಗುರುವಾರ ಉಳದ ಪೊಳ್ಳಿಗೆ
ಗಿಡದ ಹಾಲಿನಿಂದ ಮಾಡಿದ ಗುಲಾಬಿ ಕಡ್ಡಿ ತುಂಬ್ತಾರಂತ.

ಆಮ್ಯಾಲೆ ಮಾಡಿದ್ದು ನೋಡ್ರಿ.
ಹತ್ತಿಯ ಚೂರು ನೀರಾಗ ಎದ್ದಿ, ಹಿಂಡಿ,
ಆ ಸಿಮೆಂಟಿನ ಮ್ಯಾಲಿಟ್ಟು ಹಲ್ಲು ಮುಚ್ಚಿದ್ರು.
'ಹಸಿ ಇದ್ರಽ ಇದು ಗಟ್ಟಿ ಆಗೂದು.'

ನಲವತ್ತು ವರ್ಷ ಹುಡುಗ್ರಿಗೆ ಬೈದು ಬೈದು ಹೇಳಿದ್ದು ಇದನ್ನಽ:
ಸ್ಲ್ಯಾಬಿಗೆ ಗ್ವಾಣಿಚೀಲ ಹಾಸ್ರಿ, ನೀರು ನಿಲ್ಲಸ್ರಿ,
ಒಣಗಿದ್ದು ಬ್ಯಾರೆ, ಗಟ್ಟಿಯಾದದ್ದು ಬ್ಯಾರೆ.

ಪಾವಟಿಗಿ ಇಳಿಯುವಾಗ ನಾಲಿಗಿಲೆ ಹಲ್ಲು ಮುಟ್ಟಿ ನೋಡಿ
'ದಾದಾ, ಸಂಜಿಮುಂದ ನೀರು ಹೊಡೀಬೇಕೇನು?' ಅಂದ್ಲು.
'ಬ್ಯಾಡ ಬೇಟಿ, ಒಳಗ ಇಟ್ಟಾರ' ಅಂದೆ.

ಅಂದ್ರೂ ರಾತ್ರಿ ಎರಡು ಸಲ ಎದ್ದು
ಆಕಿಗೆ ನೀರು ಕುಡಿಸೇನಿ.