ಅರವತ್ನಾಲ್ಕರ ಗಾಜು

ಹಸಿರುಮಕ್ಕಿ ಕಡವು. ಫೆಬ್ರವರಿ. ಹನ್ನೊಂದೂವರೆ.
ಹಿನ್ನೀರು ಇಳಿಯತೊಡಗಿ
ಮುಳುಗಿದ್ದ ಕಾಡಿನ ಬೊಡ್ಡೆಗಳು
ಒಂದೊಂದಾಗಿ ತಲೆ ಎತ್ತಿವೆ.

ಮೊದಲು ಗಾಜಿಲ್ಲದೆ ಹಾರಿಸಿದೆ ಡ್ರೋನು.
ಮೂರು ಸಾವಿರದ ಇನ್ನೂರರಲ್ಲಿ ಒಂದು ಪಾಲು ಸೆಕೆಂಡು.
ಲಾಂಚಿನ ಹಿಂದೆ ಒಡೆದ ನೀರನ್ನು
ಅಕ್ಕಿಕಾಳಿನಂತೆ ಎಣಿಸಬಹುದು.
ಎಣಿಸಬಹುದು, ಅಷ್ಟೇ. ಹರಿಯುವುದಿಲ್ಲ.
ಕುಂಟುತ್ತ, ಬಿಕ್ಕುತ್ತ ಬರುತ್ತದೆ ಹೊಳೆ.

ಸಾಗರದ ಸ್ಟುಡಿಯೊದಲ್ಲಿ ಜೋಕಿಂ ಮಾಮ ಕಲಿಸಿದ ಲೆಕ್ಕ:
ಸೆಕೆಂಡಿಗೆ ಇಪ್ಪತ್ತೈದು ಚಿತ್ರವಾದರೆ
ಅದರ ಇಮ್ಮಡಿ, ಐವತ್ತರಲ್ಲೊಂದು, ಶಟರು ತೆರೆದಿರಲಿ.
ಚೂರು ಕಲಸಬೇಕು ಕಣೇ,
ಒಂದು ಚಿತ್ರದ ಬಾಲ
ಮುಂದಿನದರ ಮೂಗಿಗೆ ತಾಗಬೇಕು.
ಇಲ್ಲದಿದ್ದರೆ ಅದು ವಿಡಿಯೊ ಅಲ್ಲ,
ಫೋಟೊಗಳ ಜಗಳ.

ಐವತ್ತಕ್ಕೆ ಇಳಿಸಿದರೆ ಬಿಸಿಲು ನುಗ್ಗಿ
ಪರದೆಯೆಲ್ಲ ಸುಣ್ಣ.
ಅದಕ್ಕೇ ಈ ಕಪ್ಪು ಗಾಜುಗಳು,
ಅಮ್ಮನ ಓಲೆಯ ಡಬ್ಬಿಯಲ್ಲಿ, ಹತ್ತಿಯ ಮೇಲೆ:
ಎಂಟು, ಹದಿನಾರು, ಮೂವತ್ತೆರಡು,
ನಡು ಮಧ್ಯಾಹ್ನಕ್ಕೆ ಅರವತ್ನಾಲ್ಕು.

‘ಇದಕ್ಯಾಕೆ ಕೂಲಿಂಗ್ ಗ್ಲಾಸು?
ದಿಬ್ಬಣಕ್ಕೆ ಹೊಂಟೈತಾ?’
ಲಾಂಚಿನ ಗಾಮಪ್ಪ ಬಗ್ಗಿ ನೋಡಿದ.
ನಕ್ಕೆ. ಬೆರಳು ಬೆವೆತಿತ್ತು.
ಅರವತ್ನಾಲ್ಕು ಜಾರಿ
ಹಲಗೆಯ ಸಂದಿಯಲ್ಲಿ, ಟಿಣ್ ಎನ್ನದೆ,
ನೀರಿಗೆ.

ಮೂವತ್ತೆರಡು ಹಾಕಿದರೆ ನೂರರಲ್ಲೊಂದಕ್ಕೆ ನಿಲ್ಲುತ್ತದೆ.
ದುಡ್ಡು ಕೊಡುವವರಿಗೆ ಗೊತ್ತಾಗುವುದಿಲ್ಲ.
ನನಗೆ ಗೊತ್ತಾಗುತ್ತದೆ.
ಬ್ಯಾಟರಿಗಳನ್ನು ಜೀಪಿನ ನೆರಳಿಗಿಟ್ಟು ಕೂತೆ.
ಗಾಮಪ್ಪ ಹಂಚಿಕೊಂಡ ಬುತ್ತಿಯಲ್ಲಿ
ಒಣಮೀನಿನ ಚಟ್ನಿ ಇತ್ತು. ಉಪ್ಪು ಜಾಸ್ತಿ.

ನಾಲ್ಕಕ್ಕೆ ಮೂವತ್ತೆರಡು.
ಐದು ದಾಟಿದ ಮೇಲೆ ಹದಿನಾರು.
ಬಿಸಿಲು ಹಳದಿಯಾಗಿ, ಕೆಂಪಾಗಿ, ಎಂಟು.
ಸೂರ್ಯ ಗುಡ್ಡದಾಚೆ ಇಳಿದ ಮೇಲೆ
ಕೊನೆಯ ಟ್ರಿಪ್ಪಿಗೆ
ಗಾಜೇ ಬೇಡವಾಯಿತು.
ಇಡೀ ದಿನ ಉಗುರಲ್ಲಿ ತಿರುಪಿದ್ದನ್ನು
ಸಂಜೆ ತಾನೇ ಮಾಡಿಬಿಟ್ಟಿತ್ತು.

ಲಾಂಚಿನ ಪಕ್ಕಕ್ಕೇ ಹಾರಿಸಿಕೊಂಡು ಹೋದೆ.
ನೀರು ರೇಷ್ಮೆ ಅನ್ನಲಾರೆ, ರೇಷ್ಮೆ ನಾನು ಉಟ್ಟಿದ್ದು ಕಡಿಮೆ;
ಗಂಜಿಯ ತಿಳಿ ಬಗ್ಗಿಸಿದಂತೆ
ಜಾರುತ್ತಿತ್ತು, ಅಷ್ಟು ಹೇಳಬಲ್ಲೆ.
ಗಾಮಪ್ಪ ದಡದ ಯಾರಿಗೋ
ಬಿಳಿ ಟವಲು ಬೀಸಿದ.

ಮೊನ್ನೆ ಸ್ಟುಡಿಯೊಗೆ ಬಂದಿದ್ದ.
‘ಅದರಾಗೆ ನಂದೊಂದು ಫೋಟೊ ತೆಗೆದುಕೊಡು,
ಟವಲು ಬೀಸೋದು. ಮನೇಲಿ ತೂಗುಹಾಕ್ತೀನಿ.’
ನಿಲ್ಲಿಸಿ ನಿಲ್ಲಿಸಿ ನೋಡಿದೆವು,
ಒಂದೊಂದು ಚಿತ್ರವಾಗಿ ಹಿಂದೆ, ಮುಂದೆ.
ಎಲ್ಲೂ ಟವಲಿಲ್ಲ.
ಕೈ ಇರಬೇಕಾದಲ್ಲಿ
ಒಂದು ಬೆಳ್ಳನೆಯ ಹೊಗೆ.
ಓಡಿಸಿದರೆ ಬೀಸುತ್ತಾನೆ,
ನಿಲ್ಲಿಸಿದರೆ ಕರಗುತ್ತಾನೆ.

‘ಇರ್ಲಿ ಮಾರಾಯ್ತಿ, ಓಡ್ಸು’ ಅಂದ.
ಏಳು ಸಲ ನೋಡಿ, ಚಾ ಕುಡಿದು ಹೋದ.
ಹೊಸ ಅರವತ್ನಾಲ್ಕಕ್ಕೆ ಹೇಳಿದ್ದೇನೆ.
ಗುರುವಾರ ಬರುತ್ತದಂತೆ.