ಮುನ್ನೂರು ಕುರ್ಚಿ ಹೊರಗಿದ್ದ ದಿನ

ಕಾಗದ ಬಂದದ್ದು ಪುಷ್ಯದಲ್ಲಿ.
ಮದುವೆಯಿಲ್ಲ, ಗೃಹಪ್ರವೇಶವಿಲ್ಲ,
ಕೊಪ್ಪರಿಗೆಗಳೆಲ್ಲ ಬೋರಲು ಮಲಗುವ ತಿಂಗಳು.
ಎಂಟು ಲಕ್ಷವಿದ್ದ ಓಡಿ ಇನ್ನು ಮೂರು.
ಕಾರಣ: ಪರಿಶೀಲನೆಯ ದಿನ ದಾಸ್ತಾನು ಕಂಡುಬಂದಿಲ್ಲ.

ಕಂಡುಬಂದಿಲ್ಲ, ಸರಿ.
ಅವರು ಬಂದದ್ದು ಕಾರ್ತಿಕದ ಕಡೇ ಗುರುವಾರ.
ಮುನ್ನೂರು ಕುರ್ಚಿ ಆಯನೂರಿನ ನಿಶ್ಚಿತಾರ್ಥಕ್ಕೆ ಹೋಗಿದ್ದವು,
ಜಮಖಾನೆಗಳು ಹೊಸಮನೆಯ ತಿಥಿಗೆ,
ದೊಡ್ಡ ಹಂಡೆ ಟಿಪ್ಪುನಗರದ ನಿಕಾಹಿನಲ್ಲಿ
ಒಲೆಯ ಮೇಲೆ ಕೂತು ದುಡಿಯುತ್ತಿತ್ತು.
ಸೀಗೆಹಟ್ಟಿ ಗೋದಾಮಿನಲ್ಲಿ ಉಳಿದದ್ದು
ಕಾಲು ಮುರಿದ ಎರಡು ಸ್ಟೂಲು,
ಜಬೀವುಲ್ಲಾನ ಊಟದ ಡಬ್ಬಿ,
ಬಂದವರನ್ನು ಕೂರಿಸಲು ಕುರ್ಚಿ ಹುಡುಕುತ್ತಿದ್ದ ನಾನು.
ನಿಂತುಕೊಂಡೇ ಬರೆದುಕೊಂಡರು.

ಹಿಂದಿನ ಮ್ಯಾನೇಜರಾದರೆ ನಗುತ್ತಿದ್ದರು,
'ಗೋದಾಮು ಖಾಲಿ ಅಂದ್ರೆ ಗಲ್ಲಾ ಭರ್ತಿ, ಅಲ್ವೇನ್ರೀ ಹೇಮಕ್ಕ?'
ಈಗಿನವರು ಪಟ್ನಾಯಕ್, ಹುಡುಗ, ಬಲು ಮರ್ಯಾದಸ್ಥ.
ದುರ್ಗಿಗುಡಿಯ ಶಾಖೆಯಲ್ಲಿ ಕಂಪ್ಯೂಟರನ್ನು
ನನ್ನತ್ತ ತಿರುಗಿಸಿ ಕೆಂಪಂಕಿ ತೋರಿಸಿದರು,
ಡಾಕ್ಟರು ಎಕ್ಸ್‌ರೇ ತೋರಿಸಿದ ಹಾಗೆ.
'ಸಿಸ್ಟಮ್ ತೊಗೊಳಲ್ಲ ಮೇಡಂ.'
ಕಲಿತ ಕನ್ನಡವನ್ನು ಜೋಪಾನವಾಗಿ ಆಡಿದರು.
ಅದಕ್ಕೇ ಜಗಳವಾಡಲು ಬಾಯಿ ಬರಲಿಲ್ಲ.

ಐದು ಲಕ್ಷ ಆಗಲೇ ತೆಗೆದಾಗಿದೆ.
ಎರಡನ್ನು ಒಳಗೆ ಹಾಕಬೇಕು, ಮೂವತ್ತು ದಿನದಲ್ಲಿ.
ದಾವಣಗೆರೆಯ ಕುರ್ಚಿ ಸಾಹುಕಾರನ ಕೈಯಲ್ಲಿ
ನನ್ನ ಚೆಕ್ಕೊಂದು ತಾರೀಖಿಗೆ ಕಾದಿದೆ.
'ಓಡಿ ಅಂದ್ರೆ ಯಾರು ಓಡ್ಬೇಕಕ್ಕಾ?'
ಮೊದಲ ಸಲ ಆ ಪದ ಕೇಳಿದಾಗ ಕರಿಬಸಪ್ಪ ಅಂದಿದ್ದ.
ಆವತ್ತು ನಕ್ಕಿದ್ದೆ.

ಮನೆಗೆ ನಡೆದೇ ಬಂದೆ, ಸೇತುವೆ ಮೇಲೆ.
ಹೊಳೆಯ ನಡುವೆ ಆ ಕಲ್ಲುಮಂಟಪ,
ಆಷಾಢದಲ್ಲಿ ಊರಿಗೂರೇ ಇಲ್ಲಿ ನಿಂತು
'ಮುಳುಗ್ತಾ? ಇನ್ನೂ ಎಷ್ಟಿದೆ?' ಎಂದು ಕೇಳುವ ಮಂಟಪ,
ಈಗ ಬುಡದವರೆಗೂ ಬೆತ್ತಲೆ.
ಕಂಬದ ಮೇಲೆ ಯಾವುದೋ ವರ್ಷದ ನೀರಿನ ಗೆರೆ.
ಒಬ್ಬಳು ಬಂಡೆಗೆ ಕಂಬಳಿ ಬಡಿಯುತ್ತಿದ್ದಳು.
ಪುಷ್ಯದಲ್ಲಿ ಬಂದು ಅಳೆದರೆ
ತುಂಗೆಗೂ ಲಿಮಿಟ್ಟು ಇಳಿಸುತ್ತಾರೆ.

ಚೆನ್ನಾಗಿದೆ ಮಾತು. ಮಾತಿಗೆ ಬಡ್ಡಿ ಇಳಿಯುವುದಿಲ್ಲ.

ರಾತ್ರಿ ಹಸಿರು ರಟ್ಟಿನ ಪುಸ್ತಕ ತೆಗೆದೆ.
ಬಾಕಿ, ಬಾಕಿ, 'ಆಮೇಲೆ ಕೊಡ್ತಾರೆ',
'ಗುರುತಿನವರು', 'ಪಾಪ',
ಹೀಗೂ ಒಂದು ಕಾಲಂ ಇದೆ ನನ್ನಲ್ಲಿ, ಪಾಪ.
ಸಾವಿನ ಮನೆಗೆ ಹೋದ ಕುರ್ಚಿಗೆ ದುಡ್ಡು ಕೇಳಿದ್ದೇ ಇಲ್ಲ.
ಕೊಟ್ಟರೆ ಇಸಕೊಂಡೆ, ಮರೆತರೆ ನಾನೂ ಮರೆತೆ.
ಕೂಡಿಸಿದೆ. ಮತ್ತೆ ಕೆಳಗಿಂದ ಮೇಲೆ ಕೂಡಿಸಿದೆ.
ಒಂದು ಲಕ್ಷ ಮೂವತ್ತೆಂಟು ಸಾವಿರ.
ಇಷ್ಟು ವರ್ಷ ನಾನೂ ಊರಿಗೆ
ಓಡಿ ಕೊಟ್ಟಿದ್ದೇನೆ,
ದಾಸ್ತಾನು ನೋಡದೆ, ಮಿತಿ ಬರೆಯದೆ.

ಹನ್ನೊಂದು ದಾಟಿತ್ತು. ಫೋನು.
ಗೋಪಾಳದಿಂದ, ಗಂಟಲು ಕಟ್ಟಿದ ದನಿ,
'ಅಪ್ಪ ಹೋದ್ರು. ನಲವತ್ತು ಕುರ್ಚಿ, ಒಂದು ಶಾಮಿಯಾನ,
ಬೆಳಿಗ್ಗೆ ಆರಕ್ಕೆ...'

ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು.
'ಕಳಿಸ್ತೀನಿ' ಅಂದೆ, ಎಂದಿನ ಹಾಗೆ.
ಆಮೇಲೆ ನನ್ನ ಬಾಯಿಂದ,
ಬಲು ಮರ್ಯಾದೆಯಿಂದ,
'ಅಡ್ವಾನ್ಸು ಎಷ್ಟು ಕೊಡ್ತೀರಿ?'

ಆ ಕಡೆ ಯಾರೋ ಅಳುವುದನ್ನು ನಿಲ್ಲಿಸಿದರು.
'ಎಷ್ಟು ಅಂತ ನೀವೇ ಹೇಳಿ ಅಕ್ಕ.'

ಹೇಳಿದೆ.
ಜಬೀವುಲ್ಲಾನನ್ನು ಎಬ್ಬಿಸಿ, ಆಟೋ ಹೇಳಿ,
ಗೋದಾಮಿನ ಬೀಗ ತೆಗೆದೆ.
ಎಲ್ಲ ಕುರ್ಚಿಗಳೂ ಒಳಗೇ ಇದ್ದವು,
ಸಾಲಾಗಿ, ಒಂದರ ಮೇಲೊಂದು,
ಯಾರು ಬಂದು ಎಣಿಸಿದರೂ ಸರಿಹೋಗುವ ಹಾಗೆ.
ಮುಟ್ಟಿದರೆ ಕಬ್ಬಿಣ ಕೈ ಕೊರೆಯುತ್ತಿತ್ತು.